ಸಹಾಯ ಬೇಕು: ವಿಎಸ್ ಕೋಡ್ ಎಕ್ಸ್‌ಟೆನ್ಶನ್, ಸೈಡ್‌ಬಾರ್‌ನಲ್ಲಿ ಸಿಕ್ಕಿಕೊಂಡಿದ್ದೇನೆ

ಎಲ್ಲರಿಗೂ ನಮಸ್ಕಾರ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ ಒಂದು ಸಣ್ಣ ಎಕ್ಸ್‌ಟೆನ್ಶನ್ (ಹೊಸ ಸೌಲಭ್ಯ ಸೇರಿಸುವ ಪ್ರೋಗ್ರಾಂ) ಬರೆಯುತ್ತಿದ್ದೇನೆ. ಕೋಡ್‌ನಲ್ಲಿ 'ಟುಡು' (ಮುಂದೆ ಮಾಡಬೇಕಾದ್ದು) ಅಂತ ಬರೆದಿಟ್ಟ ಕಾಮೆಂಟ್‌ಗಳನ್ನೆಲ್ಲ ಹುಡುಕಿ ಸೈಡ್‌ಬಾರ್‌ನಲ್ಲಿ ತೋರಿಸಬೇಕು, ಕ್ಲಿಕ್ ಮಾಡಿದರೆ ನೇರ ಆ ಸಾಲಿಗೆ ಹೋಗಬೇಕು, ಇಷ್ಟೇ. ಇಂಥವು ಆಗಲೇ ಬೇಕಾದಷ್ಟಿವೆ, ಗೊತ್ತು. ಇದು ಸುಮ್ನೆ ಕಲಿಯೋಕೆ.

ಪ್ರಾಜೆಕ್ಟ್‌ನ ಆರಂಭಿಕ ಫೈಲ್‌ಗಳನ್ನು ಮಾಡಿಕೊಡುವ ಯೋಮನ್ ಜನರೇಟರ್‌ನಿಂದ ಟೈಪ್‌ಸ್ಕ್ರಿಪ್ಟ್ ಪ್ರಾಜೆಕ್ಟ್ ಮಾಡಿಕೊಂಡೆ. ಎಫ್5 ಒತ್ತಿದರೆ ಎಕ್ಸ್‌ಟೆನ್ಶನ್ ಪರೀಕ್ಷಿಸಲು ಇನ್ನೊಂದು ವಿಂಡೋ ತೆರೆಯುತ್ತದೆ, ಕಮಾಂಡ್ ಪ್ಯಾಲೆಟ್‌ನಲ್ಲಿ 'ಹಲೋ ವರ್ಲ್ಡ್' ಕೊಟ್ಟರೆ ಕೆಳಗೆ ಮೂಲೆಯಲ್ಲಿ ಮೆಸೇಜ್ ಬರುತ್ತದೆ. ಇಲ್ಲಿಯವರೆಗೆ ಸಲೀಸು.

ಆಮೇಲೆ ಎಕ್ಸ್‌ಟೆನ್ಶನ್‌ನ ವಿವರಗಳಿರುವ ಪ್ಯಾಕೇಜ್ ಡಾಟ್ ಜೇಸನ್ ಫೈಲಿನ 'ಕಾಂಟ್ರಿಬ್ಯೂಟ್ಸ್' ಭಾಗದೊಳಗೆ ಒಂದು ವ್ಯೂ (ಸೈಡ್‌ಬಾರ್‌ನ ಪ್ಯಾನೆಲ್) ಸೇರಿಸಿದೆ. ಪ್ಯಾನೆಲ್ ಏನೋ ಕಾಣುತ್ತದೆ, ಆದರೆ ಒಳಗೆ ಡೇಟಾ ಪ್ರೊವೈಡರ್ (ಪಟ್ಟಿಗೆ ಮಾಹಿತಿ ಕೊಡುವ ಕೋಡ್) ರಿಜಿಸ್ಟರ್ ಆಗಿಲ್ಲ ಅಂತ ಒಂದು ಸಾಲು ಬಿಟ್ಟರೆ ಇನ್ನೇನೂ ಇಲ್ಲ. ಟ್ರೀ ಡೇಟಾ ಪ್ರೊವೈಡರ್ ಕ್ಲಾಸ್ ಬರೆದು ಎಕ್ಸ್‌ಟೆನ್ಶನ್ ಶುರುವಾದಾಗ ಓಡುವ 'ಆಕ್ಟಿವೇಟ್' ಫಂಕ್ಷನ್ ಒಳಗೇ ರಿಜಿಸ್ಟರ್ ಮಾಡಿದ್ದೇನೆ, ವ್ಯೂ ಐಡಿ ಎರಡೂ ಕಡೆ ಒಂದೇ ಇದೆ, ಅಕ್ಷರ ಅಕ್ಷರ ನೋಡಿದ್ದಾಯ್ತು. ವಿಎಸ್ ಕೋಡ್ 1.74 ವರ್ಷನ್‌ನಿಂದ ವ್ಯೂಗೆ ಆಕ್ಟಿವೇಶನ್ ಇವೆಂಟ್ (ಎಕ್ಸ್‌ಟೆನ್ಶನ್ ಯಾವಾಗ ಶುರುವಾಗಬೇಕು ಅನ್ನೋದು) ಬೇರೆಯಾಗಿ ಬರೆಯಬೇಕಿಲ್ಲ ಅಲ್ವಾ, ಹಾಗಾಗಿ ಅದನ್ನು ಖಾಲಿ ಬಿಟ್ಟಿದ್ದೇನೆ. ಆದರೆ 'ಆಕ್ಟಿವೇಟ್' ಫಂಕ್ಷನ್‌ನ ಮೊದಲ ಸಾಲಿಗೆ ಬ್ರೇಕ್‌ಪಾಯಿಂಟ್ (ಕೋಡ್ ಓಡುವಾಗ ನಿಲ್ಲಿಸುವ ಗುರುತು) ಹಾಕಿದರೂ ಅಲ್ಲಿ ನಿಲ್ಲುತ್ತಿಲ್ಲ. ಪ್ಯಾಕೇಜ್ ಡಾಟ್ ಜೇಸನ್‌ನಲ್ಲಿ ಯಾವ ಫೈಲ್ ಓಡಿಸಬೇಕು ಅಂತ ಹೇಳುವ 'ಮೇನ್' ಹಳೆಯ ಬಿಲ್ಡ್ ಫೈಲನ್ನೇ ತೋರಿಸುತ್ತಿರಬಹುದಾ? ಎಲ್ಲಿಂದ ನೋಡಿಕೊಂಡು ಬರಲಿ?

ಇನ್ನೊಂದು. ಫೈಲ್ ಸೇವ್ ಮಾಡಿದಾಗಲೆಲ್ಲ ಇಡೀ ಫೋಲ್ಡರ್ ಮತ್ತೆ ಹುಡುಕುವುದು ಜಾಸ್ತಿ ಆಯ್ತು ಅನಿಸುತ್ತದೆ. ಬದಲಾದ ಫೈಲ್ ಒಂದನ್ನೇ ಓದಿ ಪಟ್ಟಿ ರಿಫ್ರೆಶ್ ಮಾಡಿದವರು ಯಾರಾದರೂ ಇದ್ದರೆ ಕೋಡ್ ತೋರಿಸಿ, ಪ್ಲೀಸ್.