ಮಳೆಗಾಲದ ಕೊಡಗಿನಲ್ಲಿ ನಾಲ್ಕು ಡಿಸ್ಕ್‌ಗಳ ಎನ್‌ಕ್ಲೋಷರ್: ಹೇಗೆ ಜೋಡಿಸಿಕೊಳ್ಳಬೇಕು?

ಪ್ರಶ್ನೆ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ನಮ್ಮ ಐನ್‌ಮನೆಯ (ಕುಟುಂಬದ ಮೂಲಮನೆಯ) ಗೋಡೆಯಲ್ಲಿದ್ದ ಹಳೆಯ ಚಿತ್ರಗಳು, ಮದುವೆಯ ಆಲ್ಬಮ್‌ಗಳು, ಪುತ್ತರಿಯ ವಿಡಿಯೋಗಳು, ತೋಟದ ಲೆಕ್ಕಪತ್ರಗಳು ಎಲ್ಲವನ್ನೂ ಎರಡು ವರ್ಷಗಳಿಂದ ಸ್ಕ್ಯಾನ್ ಮಾಡಿ ಕೂಡಿಡುತ್ತಿದ್ದೇನೆ. ಈಗ ಸುಮಾರು ಮೂರು ಟೆರಾಬೈಟ್ ಆಗಿದೆ. ಅದು ಐದು ಸಣ್ಣ ಯುಎಸ್‌ಬಿ ಡಿಸ್ಕ್‌ಗಳಲ್ಲಿ ಚದುರಿಹೋಗಿ, ಯಾವುದು ಎಲ್ಲಿದೆ ಎಂದು ಹುಡುಕುವುದೇ ಕೆಲಸವಾಗಿರುವುದರಿಂದ, ನಾಲ್ಕು ಡಿಸ್ಕ್ ಹಿಡಿಯುವ ಎನ್‌ಕ್ಲೋಷರ್ (ಡಿಸ್ಕ್‌ಗಳನ್ನು ಕೂರಿಸಿ ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಒಂದನ್ನೂ 4 ಟಿಬಿಯ ನಾಲ್ಕು ಡಿಸ್ಕ್‌ಗಳನ್ನೂ ತರಿಸಿದ್ದೇನೆ. ರೇಡ್ 5 (ಹಲವು ಡಿಸ್ಕ್‌ಗಳನ್ನು ಒಂದೇ ಡ್ರೈವ್‌ನಂತೆ ದುಡಿಸುವ ವ್ಯವಸ್ಥೆ) ಇಟ್ಟರೆ 12 ಟಿಬಿ ಜಾಗ ಸಿಗುತ್ತದೆ, ಒಂದು ಡಿಸ್ಕ್ ಕೆಟ್ಟರೂ ಏನೂ ಹೋಗುವುದಿಲ್ಲ ಎಂದು ಅಂಗಡಿಯವರು ಹೇಳಿದರು. ಹಾಗಿದ್ದರೆ ಹಳೆಯ ಡಿಸ್ಕ್‌ಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಬಹುದೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಇರುವ ಭರವಸೆಯಿಲ್ಲ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಇದನ್ನೂ ಗಮನದಲ್ಲಿಟ್ಟು ತಿಳಿದವರು ಸಲಹೆ ನೀಡಬೇಕೆಂದು ಕೋರುತ್ತೇನೆ.

ಉತ್ತರ 1 (ಮಡಿಕೇರಿ)

ದಯವಿಟ್ಟು ಹಳೆಯ ಡಿಸ್ಕ್‌ಗಳನ್ನು ಈಗಲೇ ಅಳಿಸಬೇಡಿ. ಅಂಗಡಿಯವರು ಹೇಳಿದ ಲೆಕ್ಕ ಸರಿಯಾಗಿಯೇ ಇದೆ, ಆದರೆ ರೇಡ್ ಕಾಯುವುದು ಡಿಸ್ಕ್ ಕೆಡುವ ಒಂದೇ ಅಪಾಯದಿಂದ. ನೀವು ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅದು ನಾಲ್ಕೂ ಡಿಸ್ಕ್‌ಗಳಿಂದ ಆ ಕ್ಷಣವೇ ಅಳಿಯುತ್ತದೆ. ವೈರಸ್ ಬಂದರೂ, ಸಿಡಿಲಿನ ಹೊಡೆತ ಬಿದ್ದರೂ ನಾಲ್ಕಕ್ಕೂ ಒಟ್ಟಿಗೇ.

ನನಗಾದದ್ದನ್ನು ಹೇಳುತ್ತೇನೆ. ನನ್ನ ಪೆಟ್ಟಿಗೆಯಲ್ಲಿ ಡಿಸ್ಕ್‌ಗಳು ಗಟ್ಟಿಯಾಗಿಯೇ ಇದ್ದವು, ಕೆಟ್ಟದ್ದು ಪೆಟ್ಟಿಗೆಯ ಒಳಗಿನ ಬೋರ್ಡ್. ಡಿಸ್ಕ್‌ಗಳನ್ನು ಹೊರತೆಗೆದು ಒಂದೊಂದಾಗಿ ಕಂಪ್ಯೂಟರಿಗೆ ಸಿಕ್ಕಿಸಿದರೆ, ಫಾರ್ಮ್ಯಾಟ್ ಮಾಡಬೇಕೇ ಎಂದು ಅದು ಕೇಳುತ್ತಿತ್ತು. ರೇಡ್ 5ರಲ್ಲಿ ಪ್ರತಿಯೊಂದು ಕಡತವೂ ತುಂಡುತುಂಡಾಗಿ ಎಲ್ಲ ಡಿಸ್ಕ್‌ಗಳಿಗೂ ಹಂಚಿಹೋಗುತ್ತದೆ, ಹಂಚಿದ ಕ್ರಮವನ್ನು ನೋಡಿಕೊಳ್ಳುವುದು ಆ ಬೋರ್ಡಿನ ಚಿಪ್ಪು. ಅದೇ ಮಾದರಿಯ ಹಳೆಯ ಪೆಟ್ಟಿಗೆಯೊಂದು ಸಿಗುವವರೆಗೆ ಮಗಳ ನಾಮಕರಣದ ಒಂದು ಫೋಟೋವನ್ನೂ ನೋಡಲಾಗಲಿಲ್ಲ.

ರೇಡ್‌ನಲ್ಲಿ ಒಂದು ಡಿಸ್ಕ್ ಕೆಟ್ಟು ಹೊಸದನ್ನು ಹಾಕಿದ ಮೇಲೆ, ಕೆಟ್ಟದ್ದರಲ್ಲಿದ್ದುದನ್ನು ಉಳಿದವುಗಳಿಂದ ಮತ್ತೆ ಕಟ್ಟಿಕೊಳ್ಳುವ ಮರುಜೋಡಣೆಗೆ ಹಿಡಿಯುವ ಹೊತ್ತನ್ನೂ ಯೋಚಿಸಿ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಎಲ್ಲಿಯೂ ನಿಲ್ಲದೆ ಸಾಗಿದರೂ 4 ಟಿಬಿಗೆ ಏಳು ಗಂಟೆಗಿಂತ ಹೆಚ್ಚು ಬೇಕು. ಅಷ್ಟೂ ಹೊತ್ತು ಉಳಿದ ಮೂರೂ ಡಿಸ್ಕ್‌ಗಳು ಬಿಡುವಿಲ್ಲದೆ ದುಡಿಯಬೇಕು. ಆಷಾಢದಲ್ಲಿ ನಾಪೋಕ್ಲಿನಲ್ಲಿ ಏಳು ಗಂಟೆ ಸತತ ಕರೆಂಟ್ ಸಿಗುತ್ತದೆಯೇ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಿಮ್ಮದು ಮೂರೇ ಟಿಬಿ, ಒಂದು ಡಿಸ್ಕಿನಲ್ಲೇ ಹಿಡಿಯುತ್ತದೆ. ಆದ್ದರಿಂದ ರೇಡ್ ಬಿಟ್ಟು, ಪ್ರತಿ ಡಿಸ್ಕೂ ಬೇರೆಬೇರೆಯಾಗಿ ಕಾಣುವಂತೆ ಪೆಟ್ಟಿಗೆಯ ಸ್ವಿಚ್ ಇಡಿ. ಮೊದಲನೆಯದರಲ್ಲಿ ಮೂಲವನ್ನೂ ಎರಡನೆಯದರಲ್ಲಿ ವಾರಕ್ಕೊಮ್ಮೆ ಮಾಡುವ ಪ್ರತಿಯನ್ನೂ ಇಟ್ಟರೆ, ಪೆಟ್ಟಿಗೆ ಕೆಟ್ಟ ದಿನ ಯಾವ ಡಿಸ್ಕನ್ನಾದರೂ ಬೇರೆ ಕಡೆ ಸಿಕ್ಕಿಸಿ ಓದಬಹುದು. ಕೆಲವು ಪೆಟ್ಟಿಗೆಗಳಲ್ಲಿ ಜೆಬಿಒಡಿ (ರೇಡ್ ಇಲ್ಲದೆ ಡಿಸ್ಕ್‌ಗಳನ್ನು ಬಳಸುವ ಆಯ್ಕೆ) ಎಂಬ ಹೆಸರಿನಲ್ಲೇ ಎಲ್ಲ ಡಿಸ್ಕ್‌ಗಳನ್ನು ಸೇರಿಸಿ ಒಂದೇ ಡ್ರೈವ್ ಮಾಡಿಬಿಡುತ್ತಾರೆ. ಕೈಪಿಡಿ ನೋಡಿಕೊಂಡು, ಏನನ್ನೂ ತುಂಬುವ ಮೊದಲೇ ಆಯ್ಕೆ ಮುಗಿಸಿ, ಏಕೆಂದರೆ ಆಮೇಲೆ ಸ್ವಿಚ್ ಬದಲಿಸಿದರೆ ಒಳಗಿರುವುದು ಅಳಿಯಬಹುದು.

ಉತ್ತರ 2 (ಕುಶಾಲನಗರ)

ಮೇಲಿನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಮಣ್ಣಿನಡಿಗೆ ಹೋದವು. ಉಟ್ಟ ಬಟ್ಟೆಯಲ್ಲಿ ಹೊರಟವರಿಗೆ ಪೆಟ್ಟಿಗೆ ಹೊತ್ತುಕೊಳ್ಳುವ ಹೊತ್ತೆಲ್ಲಿ? ಮೂರನೆಯ ಡಿಸ್ಕಿಗೂ ಪೂರ್ತಿ ಪ್ರತಿ ಮಾಡಿ, ಮೈಸೂರಿನಲ್ಲೋ ಇಲ್ಲಿ ಬಯಲಿನ ಕಡೆಯೋ ಇರುವ ನೆಂಟರ ಮನೆಯಲ್ಲಿಡಿ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳಿಗೆ ಅವರು ಬರುವಾಗ ತಂದರೆ ಹೊಸದನ್ನು ಸೇರಿಸಿ ಮರಳಿ ಕಳುಹಿಸಬಹುದು.

ಉತ್ತರ 3 (ವಿರಾಜಪೇಟೆ)

ಕರೆಂಟ್ ಮತ್ತು ಥಂಡಿಯ ವಿಷಯ ಹೇಳುತ್ತೇನೆ. ಪೆಟ್ಟಿಗೆಯನ್ನೂ ಕಂಪ್ಯೂಟರನ್ನೂ ಒಂದೇ ಯುಪಿಎಸ್‌ಗೆ ಸೇರಿಸಿ. ಮನೆಯ ಇನ್ವರ್ಟರನ್ನೇ ನೆಚ್ಚಿಕೊಂಡಿದ್ದರೆ ಅದರ ಹಿಂದಿನ ಗುಂಡಿ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ, ಇಲ್ಲವಾದರೆ ಕರೆಂಟ್ ಬದಲಾಗುವ ಆ ಒಂದು ಮಿನುಗಿನಲ್ಲೇ ಡಿಸ್ಕ್‌ಗಳು ನಿಂತುಬಿಡಬಹುದು. ಏಪ್ರಿಲ್-ಮೇ ತಿಂಗಳ ಗುಡುಗಿಗೆ ಪ್ಲಗ್ಗನ್ನೇ ಕಿತ್ತಿಡುವುದು ಕ್ಷೇಮ. ಅಡಾಪ್ಟರ್ ಹೋದರೆ ಕೈಗೆ ಸಿಕ್ಕಿದ್ದನ್ನು ಹಾಕಬೇಡಿ, ವೋಲ್ಟ್ ಒಂದೇ ಇದ್ದರೂ ಆಂಪಿಯರ್ ಕಡಿಮೆಯಿದ್ದರೆ ನಾಲ್ಕೂ ಡಿಸ್ಕ್ ಒಟ್ಟಿಗೆ ತಿರುಗಲು ಹೊರಟಾಗ ಅದು ತಾಳುವುದಿಲ್ಲ. ನಮ್ಮಲ್ಲಿ ಹಾಗೆಯೇ ಆಗಿ, ಡಿಸ್ಕ್ ಟಕ್ ಟಕ್ ಎಂದು ಬಡಿದುಕೊಂಡು ಕಾಣೆಯಾಗುತ್ತಿತ್ತು. ಡಿಸ್ಕೇ ಸತ್ತಿತೆಂದು ಎರಡು ದಿನ ಹೆದರಿದ್ದೆವು.

ಪೆಟ್ಟಿಗೆಯನ್ನು ಮಳೆಗಾಲವಿಡೀ ಬೀರುವಿನಲ್ಲಿ ಮುಚ್ಚಿಡಬೇಡಿ. ಓಡುತ್ತಿರುವ ಡಿಸ್ಕ್ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದರಿಂದ ಅದರ ಮೇಲೆ ನೀರು ಕೂರುವುದಿಲ್ಲ. ವಾರಕ್ಕೆರಡು ಬಾರಿ ಒಂದೆರಡು ಗಂಟೆ ಓಡಿಸಿ, ಹೊರಗೋಡೆಗೆ ತಾಗಿಸದೆ ಮೇಜಿನ ಮೇಲಿಡಿ. ಓಡಿಸದೆ ಎತ್ತಿಡುವ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಪ್ರಶ್ನೆ ಕೇಳಿದವರು (ನಾಪೋಕ್ಲು)

ಮೂವರಿಗೂ ವಂದನೆಗಳು. ರೇಡ್ ಕೈಬಿಟ್ಟಿದ್ದೇನೆ, ಮೂರನೆಯ ಡಿಸ್ಕ್ ಮೈಸೂರಿನ ತಂಗಿಯ ಮನೆಗೆ ಹೋಗುತ್ತದೆ. ಹಳೆಯ ಐದನ್ನು ಯಾವಾಗ ಅಳಿಸಬಹುದು?

ಉತ್ತರ 1 (ಮಡಿಕೇರಿ)

ಹಳೆಯ ಐದು ಡಿಸ್ಕ್‌ಗಳ ಮತ್ತು ಹೊಸ ಪ್ರತಿಗಳ ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ತಾಳೆಯಾಗಬೇಕು. ಆಮೇಲೆ ಮೈಸೂರಿನ ಡಿಸ್ಕನ್ನು ಅಲ್ಲಿನ ಕಂಪ್ಯೂಟರಿಗೆ ಸಿಕ್ಕಿಸಿ, ಪ್ರತಿ ಫೋಲ್ಡರಿನಿಂದ ನಾಲ್ಕೈದು ಫೋಟೋ ಮತ್ತು ಒಂದು ವಿಡಿಯೋ ತೆರೆದು ನೋಡಲು ತಂಗಿಯವರಿಗೆ ಹೇಳಿ. ಅವು ಸರಿಯಾಗಿ ತೆರೆದವೆಂದು ಅವರಿಂದ ತಿಳಿದ ಮೇಲೆ ಅಳಿಸಿ.