ಪದ ಬೇಕಿದೆ (ತುರ್ತು): ‘ವಿಡಿಯೊ ಕಾನ್ಫರೆನ್ಸ್ ಹಾಲ್’

ನಮಸ್ಕಾರ. ಮಂಡ್ಯ ಸೀಮೆಯ ತಾಲ್ಲೂಕು ಕಚೇರಿಯೊಂದರ ಕೊಠಡಿಗೆ ಕನ್ನಡ ಬೋರ್ಡು ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ, ಅಗಲ ಮೂರೇ ಅಡಿ. ಮಾತಿನಲ್ಲಿ ‘ಸಾಹೇಬ್ರು ವಿ.ಸಿ.ಲಿದ್ದಾರೆ’ ಅನ್ನುತ್ತೇವೆ. ಆದರೆ ಇಲ್ಲಿಯ ರೈತರಿಗೆ ವಿ.ಸಿ. ಅಂದರೆ ವಿಶ್ವೇಶ್ವರಯ್ಯ ನಾಲೆ, ಇಲ್ಲವೇ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ. ‘ದೂರಸಭೆ’ ಆದೀತೆ?

---

> ‘ದೂರಸಭೆ’ ಆದೀತೆ?

ಆಗದು. ಅರ್ಜಿ ಹಿಡಿದು ಬಂದವರು ‘ದೂರುಸಭೆ’ ಎಂದೇ ಓದುತ್ತಾರೆ, ಒಂದು ಕೊಂಬಿನ ಅಂತರ. ಪತ್ರಿಕೆಗಳ ‘ವಿಡಿಯೊ ಸಂವಾದ’ವೂ ಸಲ್ಲದು. ಅಲ್ಲಿ ನಡೆಯುವುದು ಪ್ರಗತಿ ಪರಿಶೀಲನೆ. ಸರದಿ ಬಂದವರು ಮೈಕ್ ಆನ್ ಮಾಡಿ ಅಂಕಿಅಂಶ ಒಪ್ಪಿಸುತ್ತಾರೆ. ಅದು ಸಭೆ. ‘ವಿಡಿಯೊ ಸಭೆ’ ಅನ್ನಿ, ಮುಗಿಯಿತು.

---

ಮುಗಿಯಲಿಲ್ಲ. ವಿಡಿಯೊ ಲ್ಯಾಟಿನ್ನು, ಸಭೆ ಸಂಸ್ಕೃತ. ಕನ್ನಡ ಎಲ್ಲಿದೆ ಸ್ವಾಮಿ? ಓಡು–ಓಟ, ಆಡು–ಆಟ, ನೋಡು–ನೋಟ, ಕೂಡು–ಕೂಟ. ಲ್ಯಾಟಿನ್ನಿನಲ್ಲಿ ವಿಡಿಯೊ ಅಂದರೆ ‘ನೋಡುತ್ತೇನೆ’ ಅಂತಲೇ. ನಮ್ಮ ‘ನೋಟ’ಕ್ಕೆ ಏನು ಕಡಿಮೆ? ‘ನೋಟಕೂಟ’ ಎಂದು ಬರೆಸಿ. ಎರಡು ಪದವೂ ಒಂದೇ ಅಚ್ಚಿನಲ್ಲಿ ಎರೆದಂತಿವೆ. ಬೇರೆ ಬೇರೆ ಭಾಷೆಯ ಪದ ಬೆಸೆದ ಅರಿಸಮಾಸವನ್ನು ಸರ್ಕಾರಿ ಗೋಡೆಗೆ ಹತ್ತಿಸಬೇಡಿ.

---

ಆದೇಶಸಂಧಿ ಹಚ್ಚಿದರೆ ಅದು ‘ನೋಟಗೂಟ’. ಹಚ್ಚದಿದ್ದರೂ ಕೂಟ ಎಂದರೆ ಜನರಿಗೆ ಔತಣಕೂಟ, ಮೈತ್ರಿಕೂಟ.

ಇನ್ನು ಅರಿಸಮಾಸ. ಆ ಸಭೆ ಕರೆಯುವ ‘ಜಿಲ್ಲಾಧಿಕಾರಿ’ಯನ್ನೇ ಬಿಡಿಸಿ ನೋಡಿ: ಅರಬ್ಬಿಯಿಂದ ಬಂದ ಜಿಲ್ಲಾ, ಸಂಸ್ಕೃತದ ಅಧಿಕಾರಿ, ನಡುವೆ ಸವರ್ಣದೀರ್ಘ ಸಂಧಿ. ಬೆಸುಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ತಾಲ್ಲೂಕು, ತಹಶೀಲ್ದಾರ್, ಕಚೇರಿ – ಯಾವುದನ್ನು ಕಿತ್ತು ಹಾಕುತ್ತೀರಿ? ಎರವಲು ತಂದದ್ದಕ್ಕೆ ನಮ್ಮ ವಿಭಕ್ತಿ ಹತ್ತಿದರೆ ಅದು ನಮ್ಮದೇ. ‘ವಿಡಿಯೊದಲ್ಲಿ’, ‘ವಿಡಿಯೊಗೆ’ ಎಂದು ನಮ್ಮ ಅಜ್ಜಿಯೂ ಅನ್ನುತ್ತಾರೆ.

---

ಬಳಸಿದರೆ ತಾನೆ ಹತ್ತುವುದು! 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ಮನೆಯಲ್ಲಿ ಬಾನುಲಿ ಕೇಂದ್ರ ಶುರುಮಾಡುವವರೆಗೆ ‘ಆಕಾಶವಾಣಿ’ ಎಂದರೆ ಪುರಾಣದ ಅಶರೀರವಾಣಿ. ಈಗ ಯಾರಿಗಾದರೂ ಕಂಸನ ನೆನಪಾಗುತ್ತದೆಯೆ? ಔತಣದ ನೆನಪೂ ಹಾಗೆಯೇ ಅಳಿಯುತ್ತದೆ. ಹೊಸ ಪದಕ್ಕೆ ಒಂದು ಬೋರ್ಡಿನಷ್ಟು ಜಾಗವನ್ನೂ ಕೊಡದೆ ಕನ್ನಡದಲ್ಲಿ ಪದವಿಲ್ಲ ಅನ್ನುವುದು ಯಾವ ನ್ಯಾಯ?

---

ನಿಮ್ಮ ಉದಾಹರಣೆಯೂ ಸಂಸ್ಕೃತವೇ.

---

ಪೇಂಟರ್ ಬಂದಾಯಿತು. ‘ವಿಡಿಯೊ ಸಭೆ ಕೊಠಡಿ’ ಎಂದು ಸೀಮೆಸುಣ್ಣದಲ್ಲಿ ಗೀಚಿಟ್ಟಿದ್ದಾರೆ. ‘ನೋಟಕೂಟ’ ನನಗೆ ಹಿಡಿಸಿತು, ಸಾಹೇಬರು ಒಪ್ಪಲಿಲ್ಲ. ‘ವಿ’ ಹ್ರಸ್ವವೋ ದೀರ್ಘವೋ, ಬೇಗ ಹೇಳಿ.

---

ಹ್ರಸ್ವ. ಕೊನೆಯ ‘ಯೊ’ ಕೂಡ.