ವಿಡಿಯೊ ಕರೆಯಲ್ಲಿ ಪಾಠ: ಮಾಡಿ ನೋಡಿದವರು ಸ್ವಲ್ಪ ಹೇಳಿ

ಕೇಳಿದವರು: ವಿಜ್ಞಾನ ಟೀಚರ್, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯಲ್ಲಿ 31 ಮಕ್ಕಳು. ದಾನಿಗಳೊಬ್ಬರು ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಿದ್ದಾರೆ. ಯೂಟ್ಯೂಬ್ ಪಾಠ ಹಾಕಿ ಹಾಕಿ ನನಗೇ ಬೇಜಾರು ಬಂದಿದೆ, ಇನ್ನು ಮಕ್ಕಳಿಗೆ ಹೇಗಾಗಿರಬೇಡ! ಯಾರಾದರೂ ವಿಜ್ಞಾನಿಯನ್ನೋ ಬೇರೆ ಊರಿನ ಶಾಲೆಯನ್ನೋ ನೇರ ವಿಡಿಯೊ ಕರೆಯಲ್ಲಿ ತರಗತಿಗೆ ಕರೆಸಬೇಕು ಅಂತ ಆಸೆ. ನಮ್ಮ ಎಚ್‌ಎಂ "ಮಾಡಿ ಮೇಡಂ, ಆದರೆ ನನ್ನನ್ನು ಏನೂ ಕೇಳಬೇಡಿ" ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ? ಯಾವುದಕ್ಕೆ ದುಡ್ಡು ಹಾಕಲಿ? ಮಕ್ಕಳಿಗೆ ಇದರಿಂದ ನಿಜಕ್ಕೂ ಏನಾದರೂ ಸಿಗುತ್ತಾ?

ಹೈಸ್ಕೂಲ್ ಮೇಷ್ಟ್ರು, ತೀರ್ಥಹಳ್ಳಿ ಕಡೆ

ಮೇಡಂ, ನಮ್ಮ ಮೊದಲ ಕರೆ ಪೂರ್ತಿ ಕೆಟ್ಟಿತ್ತು. ಅದನ್ನೇ ಮೊದಲು ಹೇಳುತ್ತೇನೆ.

ಬೆಂಗಳೂರಿನಲ್ಲಿ ಕಪ್ಪೆಗಳ ಮೇಲೆ ಕೆಲಸ ಮಾಡುವ ಒಬ್ಬರನ್ನು ಒಪ್ಪಿಸಿದ್ದೆ. ಜುಲೈ ತಿಂಗಳು. ನಮ್ಮ ಕಡೆ ಜುಲೈ ಮಳೆ ಅಂದರೆ ಗೊತ್ತಲ್ಲ. ತರಗತಿಗೆ ತಗಡಿನ ಮಾಡು. ಅವರು ಮಾತು ಶುರು ಮಾಡಿ ಐದು ನಿಮಿಷ ಆಗಿಲ್ಲ, ಮಳೆ ಹಿಡಿಯಿತು. ಪರದೆಯ ಮೇಲೆ ಅವರ ಬಾಯಿ ಅಲ್ಲಾಡುತ್ತಿದೆ, ನಮಗೆ ಕೇಳುವುದು ತಗಡಿನ ಸದ್ದು ಮಾತ್ರ. ಹಿಂದಿನ ಬೆಂಚಿನವರು ಆಗಲೇ ಕಾಗದದ ದೋಣಿ ಮಡಚುತ್ತಿದ್ದರು. ಅಷ್ಟರಲ್ಲಿ ಕರೆಂಟೂ ಹೋಯಿತು. ಪ್ರೊಜೆಕ್ಟರ್ ಆರಿತು, ವೈಫೈ ಹೋಯಿತು.

ಬೇರೆ ದಾರಿ ಕಾಣದೆ ನನ್ನ ಫೋನಿನಿಂದ ಅವರಿಗೆ ಮಾಮೂಲಿ ಕಾಲ್ ಮಾಡಿದೆ. ಆಫೀಸ್ ರೂಮಿಗೆ ಹೆಂಚಿದೆ, ಅಲ್ಲಿ ಸದ್ದು ಕಮ್ಮಿ. ಮಕ್ಕಳನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿ, ಮೇಜಿನ ಮೇಲೆ ಫೋನಿಟ್ಟು ಸ್ಪೀಕರ್ ಹಾಕಿ ಸುತ್ತ ಕೂರಿಸಿದೆ. ಒಬ್ಬ ಹುಡುಗ ತಮ್ಮ ಗದ್ದೆ ಬದುವಿನಲ್ಲಿ ರಾತ್ರಿ ಕೇಳುವ ಕಪ್ಪೆಯ ದನಿಯನ್ನು ಬಾಯಲ್ಲೇ ಮಾಡಿ ತೋರಿಸಿದ. ಆ ಕಡೆಯಿಂದ "ಇನ್ನೊಂದು ಸಲ ಮಾಡು" ಅಂದರು. ಮಾಡಿದ. "ಅದು ನೀರಿನಲ್ಲಿ ಕೂತು ಕೂಗುತ್ತಾ, ಗಿಡದ ಮೇಲೆ ಕೂತು ಕೂಗುತ್ತಾ?" ಅವನಿಗೆ ಗೊತ್ತಿರಲಿಲ್ಲ. ಅವತ್ತು ರಾತ್ರಿ ಟಾರ್ಚ್ ಹಿಡಿದು ಅಪ್ಪನ ಜೊತೆ ಹೋಗಿದ್ದಾನೆ. ಮರುದಿನ ನಾನು ಬೈಕ್ ನಿಲ್ಲಿಸುವ ಮೊದಲೇ ಗೇಟಿನ ಹತ್ತಿರ ಓಡಿ ಬಂದು "ಸರ್, ಗಿಡದ ಮೇಲೆ" ಅಂದ.

ಆಮೇಲೆ ಹತ್ತಾರು ಕರೆ ಮಾಡಿದ್ದೇವೆ. ಚೆನ್ನಾಗಿ ಆದವೂ ಇವೆ, ಸಪ್ಪೆ ಆದವೂ ಇವೆ. ಸಪ್ಪೆ ಆದವುಗಳಲ್ಲೆಲ್ಲ ಒಂದೇ ರೋಗ: ಅತಿಥಿ ಮುಕ್ಕಾಲು ಗಂಟೆ ಸ್ಲೈಡ್ ತೋರಿಸಿದರು, ಕೊನೆಗೆ "ಎನಿ ಡೌಟ್ಸ್?" ಅಂದರು. ಯಾವ ಮಗು ಕೈ ಎತ್ತುತ್ತೆ ಹೇಳಿ. ಈಗ ನಾನು ಅತಿಥಿಗೆ ಮೊದಲೇ ಹೇಳಿಬಿಡುತ್ತೇನೆ, ಹತ್ತು ನಿಮಿಷ ನಿಮ್ಮದು, ಉಳಿದದ್ದು ಮಕ್ಕಳದ್ದು. ಹಿಂದಿನ ದಿನ ಮಕ್ಕಳ ಕೈಲಿ ಚೀಟಿಯಲ್ಲಿ ಪ್ರಶ್ನೆ ಬರೆಸುತ್ತೇನೆ. ಒಂದೇ ಥರದವನ್ನು ಒಟ್ಟು ಮಾಡಿ, ಯಾರ ನಂತರ ಯಾರು ಅಂತ ನಂಬರ್ ಹಾಕುತ್ತೇನೆ. ಆದರೆ ಪ್ರಶ್ನೆಯನ್ನು ತಿದ್ದುವುದಿಲ್ಲ. ಒಂದು ಸಲ ತಿದ್ದಿದ್ದೆ. ಹುಡುಗಿ ನನ್ನ ಪುಸ್ತಕದ ಭಾಷೆ ಓದಲಾರದೆ ಮೈಕಿನ ಮುಂದೆ ತೊದಲಿದಳು. ಅದು ನನ್ನದೇ ತಪ್ಪು.

ಕಂಪ್ಯೂಟರ್ ರಿಪೇರಿಯವನು, ಅರಸೀಕೆರೆ

ಮೇಷ್ಟ್ರು ಹೇಳಿದ ಕಥೆಯಲ್ಲೇ ಉತ್ತರ ಇದೆ. ದುಡ್ಡಿದ್ದರೆ ಮೊದಲು ಮೈಕಿಗೆ ಹಾಕಿ. ಕ್ಯಾಮೆರಾ ಲ್ಯಾಪ್‌ಟಾಪಿನದೇ ಸಾಕು. ತಂತಿ ಇರುವ ಸಾದಾ ಯುಎಸ್‌ಬಿ ಮೈಕ್ ಒಂದು, ಸ್ಪೀಕರ್ ಒಂದು. ಶಾಮಿಯಾನದವರ ದೊಡ್ಡ ಬಾಕ್ಸ್ ತರಬೇಡಿ, ಮೈಕಿಗೆ ವಾಪಸ್ ಹೊಡೆದು ಕುಯ್ಯೋ ಅನ್ನುತ್ತದೆ. ಒಂದೇ ರೂಮಿನಲ್ಲಿ ಎರಡು ಫೋನು ಕರೆಗೆ ಸೇರಿದರೂ ಅದೇ ಗೋಳು.

ಖಾಲಿ ರೂಮಿನಲ್ಲಿ ದನಿ ಗುಂಯ್‌ಗುಡುತ್ತಿದ್ದರೆ ಹಿಂದಿನ ಗೋಡೆಗೆ ಜಮಖಾನ ಇಳಿಬಿಡಿ. ನೆಲಕ್ಕೂ ಒಂದು ಹಾಸಿ.

ನೆಟ್ ಪರೀಕ್ಷೆ ಮಾಡುವಾಗ ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ. ನಿಮ್ಮ ಮಕ್ಕಳು ಆ ಕಡೆಯವರಿಗೆ ಕಾಣಬೇಕಾದರೆ ಅಪ್‌ಲೋಡ್ ಬೇಕು. ಒಂದು ಎಂಬಿಪಿಎಸ್ ಮೇಲೆ ಅಲ್ಲಾಡದೆ ನಿಂತರೆ ಸಾಕು. ದನಿಗೆ ಅದರ ಹತ್ತನೇ ಒಂದು ಪಾಲು ಕೂಡ ಬೇಡ. ಅದಕ್ಕೇ ಚಿತ್ರ ತಡವರಿಸಿದ ಕೂಡಲೇ ಕ್ಯಾಮೆರಾ ಆಫ್ ಮಾಡಿ, ಮಾತು ಉಳಿಯುತ್ತದೆ. ಚಿಕ್ಕ ಯುಪಿಎಸ್‌ಗೆ ಪ್ರೊಜೆಕ್ಟರ್ ಸಿಕ್ಕಿಸಬೇಡಿ. ಲ್ಯಾಪ್‌ಟಾಪಿಗೆ ಅದರದೇ ಬ್ಯಾಟರಿ ಇದೆ. ಯುಪಿಎಸ್ ರೌಟರಿಗೆ ಇರಲಿ. ಉಚಿತ ಝೂಮ್ 40 ನಿಮಿಷಕ್ಕೆ ಕಟ್ ಆಗುತ್ತದೆ. ಗೂಗಲ್ ಮೀಟ್ 60 ನಿಮಿಷ ಬರುತ್ತದೆ. ನಿಮ್ಮ ಒಂದು ಪಿರಿಯಡ್ಡಿಗೆ ಎರಡೂ ಸಾಕು ಅನ್ನಿ.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ, ಮಂಡ್ಯ ಜಿಲ್ಲೆ

ಬೇಸರ ಮಾಡಿಕೊಳ್ಳಬೇಡಿ ಮೇಡಂ. ನಮ್ಮೂರ ಶಾಲೆಯಲ್ಲಿ ಶೌಚಾಲಯಕ್ಕೆ ನೀರಿಲ್ಲ, ಪರದೆ ಮಾತ್ರ ಗೋಡೆ ತುಂಬ ಇದೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಗಣಿತಕ್ಕೆ ಮೇಷ್ಟ್ರು ಕೊಡಿ ಅಂತ ಕೇಳಿದರೆ "ಆನ್‌ಲೈನ್‌ನಲ್ಲಿ ಪಾಠ ಬರುತ್ತಲ್ಲ" ಅಂತಾರೆ. ನೀವೆಲ್ಲ ಹೀಗೆ ಚೆನ್ನಾಗಿ ಮಾಡಿ ತೋರಿಸಿದರೆ ಅವರಿಗೆ ಇನ್ನೂ ಸುಲಭ ಆಗುತ್ತೆ ಅಂತ ನನ್ನ ಭಯ.

ಶನಿವಾರದ ಸ್ವಯಂಸೇವಕಿ, ಬೆಂಗಳೂರು

ಮಂಡ್ಯದ ಸರ್ ಹೇಳಿದ್ದು ಸರಿಯಾಗೇ ಇದೆ. ನಾನು ಮೂರು ವರ್ಷದಿಂದ ಮನೆಯಲ್ಲಿ ಕೂತು ಹಳ್ಳಿ ಶಾಲೆಯೊಂದಕ್ಕೆ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ಇಂಥ ಕೆಲಸವನ್ನು ದೊಡ್ಡದಾಗಿ ಮಾಡುವವರೂ ಇದ್ದಾರೆ. ಬೆಂಗಳೂರಿನ ಇ-ವಿದ್ಯಾಲೋಕ ಸಂಸ್ಥೆ 2011ರಿಂದ ಸ್ವಯಂಸೇವಕರ ಮೂಲಕ ಹಳ್ಳಿಯ ಸರ್ಕಾರಿ ಶಾಲೆಗಳಿಗೆ ನೇರ ಪಾಠ ಮಾಡಿಸುತ್ತಿದೆ. ಆದರೂ ನನ್ನ ಅನುಭವದಲ್ಲಿ ಪರದೆಯ ಟೀಚರ್ ಅರ್ಧ ಟೀಚರ್ ಮಾತ್ರ. ಮೂರನೇ ಸಾಲಿನ ಹುಡುಗ ಪೆನ್ಸಿಲ್ ಇಲ್ಲದೆ ಸುಮ್ನೆ ಕೂತಿದ್ದಾನೆ ಅನ್ನುವುದು ನನಗೆ ಕಾಣುವುದಿಲ್ಲ. ಅದು ಕಾಣುವುದು ಅಲ್ಲೇ ನಿಂತಿರುವ ಅಕ್ಕನಿಗೆ. ಆ ಅಕ್ಕ ರಜೆ ಹಾಕಿದ ದಿನ ನಾನು ಗೋಡೆಗೆ ಪಾಠ ಮಾಡಿದ ಹಾಗೆ. ನೀವು ಕರೆ ನಡೆಯುವಾಗ ದಾಖಲಾತಿ ಕೆಲಸ ಮುಗಿಸಿಕೊಳ್ಳೋಣ ಅಂತ ಮಾತ್ರ ಅಂದುಕೊಳ್ಳಬೇಡಿ ಮೇಡಂ!

ಶಿಕ್ಷಕಿ, ವಿಜಯಪುರ ಜಿಲ್ಲೆ

ವಿಜ್ಞಾನಿ ಸಿಗುವ ತನಕ ಕಾಯಬೇಡ್ರಿ. ಇನ್ನೊಂದು ಶಾಲೆ ಜೊತೆ ಆಟ ಆಡಿಸ್ರಿ. ಹೊರದೇಶದ ಟೀಚರುಗಳು ಮಿಸ್ಟರಿ ಸ್ಕೈಪ್ ಅಂತ ಒಂದು ಆಟ ಆಡಿಸುತ್ತಿದ್ದರು. ಎರಡು ತರಗತಿ, ಯಾರದು ಯಾವ ಊರು ಅಂತ ಒಬ್ಬರಿಗೊಬ್ಬರಿಗೆ ಗೊತ್ತಿಲ್ಲ. ಹೌದು, ಇಲ್ಲ ಅನ್ನೋ ಉತ್ತರ ಬರುವ ಪ್ರಶ್ನೆ ಮಾತ್ರ ಕೇಳಿ ಕಂಡುಹಿಡಿಯಬೇಕು. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಆಟಕ್ಕೇನೂ ಆಗಿಲ್ಲ, ಯಾವುದರಲ್ಲಾದರೂ ಆಡಬಹುದು.

ನಾವು ದಕ್ಷಿಣ ಕನ್ನಡದ ಒಂದು ಶಾಲೆ ಜೊತೆ ಆಡಿದೆವು. ಅವರ ಮೊದಲ ಪ್ರಶ್ನೆ: "ನಿಮ್ಮ ಜಿಲ್ಲೆಯಲ್ಲಿ ಸಮುದ್ರ ಉಂಟಾ?" ನಮ್ಮ ಹುಡುಗ ಎದ್ದು ನಿಂತು "ಇಲ್ರೀ" ಅಂದ. ಮುಗೀತು! ಆ ಕಡೆ ಎಲ್ಲರೂ ಒಟ್ಟಿಗೆ "ಉತ್ತರ ಕರ್ನಾಟಕ!" ಅಂತ ಕೂಗಿದರು. ನಮ್ಮವರೇನು ಕಮ್ಮಿ? ಆ "ಉಂಟಾ" ಹಿಡಿದುಕೊಂಡು ಅವರನ್ನು ಕರಾವಳಿಗೆ ಕಟ್ಟಿಹಾಕಿದರು. ಎರಡು ನಿಮಿಷದಲ್ಲಿ ಅರ್ಧ ಆಟ ಖಲಾಸ್.

ಎರಡನೇ ಸಲ ನಿಯಮ ಬದಲಿಸಿದೆವು. ಪ್ರಶ್ನೆಯನ್ನು ಟೀಚರ್ ಓದುವುದು, ಉತ್ತರವನ್ನು ಸ್ಲೇಟಿನ ಮೇಲೆ ಬರೆದು ಕ್ಯಾಮೆರಾಕ್ಕೆ ತೋರಿಸುವುದು. ಆಗ ಮಕ್ಕಳು ಭೂಪಟ ಹರವಿಕೊಂಡು ಕೂತರು. ಕೃಷ್ಣಾ ನದಿ ಹರಿಯುತ್ತಾ? ಪಕ್ಕದಲ್ಲಿ ಬೇರೆ ರಾಜ್ಯ ಇದೆಯಾ? ಜೋಳ ಬೆಳೀತಾರಾ? ಒಂದು ಗುಂಪು ಪ್ರಶ್ನೆ ಮಾಡುತ್ತೆ, ಒಂದು ಗುಂಪು ಭೂಪಟದಲ್ಲಿ ಜಿಲ್ಲೆಗಳನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕುತ್ತೆ. ನಾನು 12 ವರ್ಷ ಭೂಗೋಳ ಹೇಳಿಕೊಟ್ಟಿದ್ದೇನೆ, ಭೂಪಟಕ್ಕಾಗಿ ಮಕ್ಕಳು ಜಗಳ ಆಡಿದ್ದನ್ನು ಅವತ್ತೇ ಮೊದಲು ನೋಡಿದ್ದು. ಆಟ ಮುಗಿದ ಮೇಲೆ ಬಿಸಿಯೂಟದ ತಟ್ಟೆ ತೋರಿಸಿಕೊಳ್ಳುವುದು ಬೇರೆ. ಅದಕ್ಕೆ ಹತ್ತು ನಿಮಿಷ ಇಟ್ಟಿರಿ. ಮಕ್ಕಳಿಗೆ ಅದೇ ಮುಖ್ಯ.

ನಿವೃತ್ತ ಮುಖ್ಯೋಪಾಧ್ಯಾಯ, ಚಾಮರಾಜನಗರ

ಇದೆಲ್ಲ ಓದಿ ಹಳೆಯದು ನೆನಪಾಯಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಎಜುಸ್ಯಾಟ್ ಹಾರಿಸಿದರಲ್ಲ, ಶಿಕ್ಷಣಕ್ಕೆಂದೇ ಮಾಡಿದ ಉಪಗ್ರಹ. ಅದರ ಪಾಠ ನೋಡಿದ ಮೊದಲಿಗರಲ್ಲಿ ನಮ್ಮ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. ಮಾಡಿನ ಮೇಲೆ ಡಿಶ್, ಒಳಗೆ ಟಿವಿ. ಊರಿನವರು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಒಂದು ಸಲ ಕೋತಿಗಳು ಡಿಶ್ ತಿರುಗಿಸಿಬಿಟ್ಟವು, ನಾನೇ ಏಣಿ ಹತ್ತಿ ಸರಿಮಾಡಿದ್ದೆ.

ನಮ್ಮ ಶಾಲೆಯಲ್ಲಿದ್ದದ್ದು ನೋಡುವ ಟಿವಿ ಮಾತ್ರ, ವಾಪಸ್ ಕೇಳುವ ಹಾಗಿರಲಿಲ್ಲ. ಒಂದನೇ ಕ್ಲಾಸಿನ ಮಗು ಒಂದು ದಿನ ಟಿವಿಯೊಳಗಿನ ಟೀಚರಿಗೆ "ಮಿಸ್, ಒಂದಕ್ಕೆ ಹೋಗ್ಲಾ?" ಅಂತ ಕಿರುಬೆರಳು ಎತ್ತಿತ್ತು. ಟೀಚರ್ ಪಾಠ ಮುಂದುವರಿಸಿದರು. ಈಗ ನಿಮಗೆ ಆ ಕಡೆಯಿಂದ ಉತ್ತರ ಬರುವ ಯೋಗ ಇದೆ. ಅದನ್ನು ಬಿಟ್ಟು ಮತ್ತೆ ಟಿವಿಯ ಹಾಗೇ ಬಳಸಿದರೆ ಏನು ಬಂತು?

ಹ್ಯಾಮ್ ರೇಡಿಯೊ ಹವ್ಯಾಸಿ, ಮೈಸೂರು

ತೀರ್ಥಹಳ್ಳಿ ಮೇಷ್ಟ್ರು ಹೇಳಿದ ಚೀಟಿ ಮತ್ತು ಸಾಲಿನ ವಿಚಾರಕ್ಕೆ ಒಂದು ಮಾತು. 2025ರ ಜುಲೈಯಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿದ್ದ ಮಕ್ಕಳ ಜೊತೆ ಹ್ಯಾಮ್ ರೇಡಿಯೊದಲ್ಲಿ (ನಮ್ಮಂಥ ಹವ್ಯಾಸಿಗಳು ಬಳಸುವ ರೇಡಿಯೊ) ಮಾತಾಡಿದ್ದು ನೆನಪಿದೆಯಾ? ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ 28,000 ಕಿ.ಮೀ. ವೇಗದಲ್ಲಿ ಓಡುತ್ತದೆ. ಒಂದು ಊರಿನ ಆಕಾಶದಲ್ಲಿ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಅದಕ್ಕೇ ಇಂಥ ಶಾಲಾ ಸಂಪರ್ಕಗಳಲ್ಲಿ ಮಕ್ಕಳು ಸಾಲಾಗಿ ನಿಂತು, ಪ್ರಶ್ನೆ ಕೇಳಿ, "ಓವರ್" ಅನ್ನುತ್ತಾರೆ. ನನ್ನ ಮಾತು ಮುಗೀತು, ಇನ್ನು ನೀವು ಹೇಳಿ ಅಂತ ಅರ್ಥ. ನಿಮ್ಮ ಮಕ್ಕಳಿಗೂ ಈ "ಓವರ್" ಕಲಿಸಿ. ನೆಟ್ ನಿಧಾನ ಇದ್ದಾಗ ಎರಡೂ ಕಡೆಯವರು ಒಟ್ಟಿಗೆ ಮಾತಾಡಿ, ಒಟ್ಟಿಗೆ ಸುಮ್ಮನಾಗಿ, ಮತ್ತೆ ಒಟ್ಟಿಗೆ ಶುರು ಮಾಡುತ್ತಾರಲ್ಲ, ಆ ಗೋಳು ತಪ್ಪುತ್ತದೆ. ಮಕ್ಕಳಿಗೆ ಮಜಾ ಬೇರೆ.

ಕನ್ನಡ ಶಾಲೆಯ ಅಮ್ಮ, ಕ್ಯಾಲಿಫೋರ್ನಿಯಾ

ಇಲ್ಲಿ ನಮ್ಮ ಮಕ್ಕಳು ವಾರಕ್ಕೊಂದು ದಿನ ಕನ್ನಡ ಕಲಿಯುತ್ತಾರೆ. ನಮ್ಮ ಅತ್ತೆಯ ಊರಿನ ಶಾಲೆ ಜೊತೆ ಮಾತಾಡಿಸುತ್ತೇವೆ. ಇಲ್ಲಿ ಶುಕ್ರವಾರ ಸಂಜೆ ಏಳೂವರೆ ಅಂದರೆ ಅಲ್ಲಿ ಶನಿವಾರ ಬೆಳಿಗ್ಗೆ ಎಂಟು. ಶನಿವಾರ ಬೆಳಗಿನ ಶಾಲೆ ಆದ್ದರಿಂದ ಹೊಂದುತ್ತದೆ. ಆದರೆ ನವೆಂಬರಿನ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಹೇಳುವುದನ್ನು ಮರೆತಿದ್ದೆ. ಪಾಪ, ಅಲ್ಲಿಯ ಮಕ್ಕಳು ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡು ಎಂಟರಿಂದ ಒಂಬತ್ತರವರೆಗೆ ಖಾಲಿ ಪರದೆ ನೋಡುತ್ತಾ ಕೂತಿದ್ದರಂತೆ. ಹೊರದೇಶದವರ ಜೊತೆ ಮಾಡುವುದಾದರೆ ಯಾವಾಗಲೂ ಭಾರತದ ಗಂಟೆ ಹೇಳಿ, "ನಿಮಗೆ ಆಗ ಎಷ್ಟು ಗಂಟೆ?" ಅಂತ ಅವರ ಬಾಯಲ್ಲೇ ಹೇಳಿಸಿ.

ಮೀನುಗಳ ಸಂಶೋಧಕಿ, ಮಂಗಳೂರು

ನಾನು ಕ್ಯಾಮೆರಾದ ಆ ಕಡೆ ಕೂರುವವಳು. ವಿಜ್ಞಾನಿಗಳನ್ನು ಎಲ್ಲಿ ಹುಡುಕುವುದು ಅಂತ ಯಾರೂ ಹೇಳಿಲ್ಲ. ಸ್ಕೈಪ್ ಎ ಸೈಂಟಿಸ್ಟ್ ಅಂತ ಒಂದು ಉಚಿತ ಕಾರ್ಯಕ್ರಮ ಇದೆ. ಸ್ಕ್ವಿಡ್ ಅನ್ನುವ ಕಡಲಜೀವಿಯ ಸಂಶೋಧಕಿ ಸಾರಾ ಮ್ಯಾಕ್ಅನಲ್ಟಿ 2017ರಲ್ಲಿ ಶುರು ಮಾಡಿದ್ದು. ಟೀಚರ್ ಒಂದು ಫಾರಂ ತುಂಬಿದರೆ ವಿಷಯ ನೋಡಿ ವಿಜ್ಞಾನಿಯನ್ನು ಜೋಡಿಸುತ್ತಾರೆ. ಕೆನಡಾದ ಎಕ್ಸ್‌ಪ್ಲೋರಿಂಗ್ ಬೈ ದ ಸೀಟ್ ಆಫ್ ಯುವರ್ ಪ್ಯಾಂಟ್ಸ್ ಅನ್ನುವುದೂ ಇದೆ. ಹೆಸರು ವಿಚಿತ್ರ, ಕೆಲಸ ಚೆನ್ನಾಗಿದೆ. ಆದರೆ ಅಲ್ಲಿ ಮಾತು ಇಂಗ್ಲಿಷಿನಲ್ಲಿ. ನಿಮ್ಮ ಏಳನೇ ತರಗತಿಗೆ ಕನ್ನಡದವರೇ ಮೇಲು. ಹತ್ತಿರದ ಕಾಲೇಜು, ಕೃಷಿ ವಿಜ್ಞಾನ ಕೇಂದ್ರ, ಪಶು ಆಸ್ಪತ್ರೆ ಎಲ್ಲಿಗಾದರೂ ಒಂದು ಫೋನ್ ಮಾಡಿ. ಹತ್ತರಲ್ಲಿ ನಾಲ್ಕು ಜನ ಒಪ್ಪಿಯೇ ಒಪ್ಪುತ್ತಾರೆ. ನಮ್ಮನ್ನು ಯಾರೂ ಕರೆಯುವುದಿಲ್ಲ ಸ್ವಾಮಿ!

ಕರೆದಾಗ ಸ್ವಲ್ಪ ವಿವರ ಕೊಡಿ. ಮಕ್ಕಳು ಏನು ಓದಿದ್ದಾರೆ, ಊರಲ್ಲಿ ಕೆರೆ ಇದೆಯಾ, ಯಾವ ಮೀನು ತಿನ್ನುತ್ತಾರೆ. ಒಬ್ಬ ಟೀಚರ್ ಮಕ್ಕಳ ಹೆಸರನ್ನು ದೊಡ್ಡದಾಗಿ ಹಾಳೆಯಲ್ಲಿ ಬರೆದು ಕೊರಳಿಗೆ ನೇತುಹಾಕಿದ್ದರು. ಹೆಸರು ಹಿಡಿದು ಕರೆದ ಕೂಡಲೇ ಮಾತಿನ ಧಾಟಿಯೇ ಬದಲಾಯಿತು. ಆದರೆ ಅಂಥ ಕರೆಯನ್ನು ರೆಕಾರ್ಡ್ ಮಾಡಿ ಸ್ಟೇಟಸ್ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದ ಒಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು ಅನ್ನುತ್ತದೆ. ಕಾಯ್ದೆ ಇರಲಿ ಬಿಡಲಿ, ತಂದೆತಾಯಿಯನ್ನು ಒಂದು ಮಾತು ಕೇಳುವುದು ಮರ್ಯಾದೆ ಅಲ್ವಾ.

ಕೇಳಿದವರು, ಹತ್ತು ದಿನ ಬಿಟ್ಟು

ಎಲ್ಲರಿಗೂ ಥ್ಯಾಂಕ್ಸ್. ಮಂಡ್ಯದ ಸರ್, ನಿಮ್ಮ ಮಾತು ಮನಸ್ಸಿನಲ್ಲಿದೆ. ನಮ್ಮ ಶಾಲೆಯಲ್ಲೂ ಒಂದು ಹುದ್ದೆ ಖಾಲಿ ಇದೆ. ಕೇಳುವುದನ್ನು ಬಿಡುವುದಿಲ್ಲ.

ಮೊದಲ ಕರೆಗೆ ವಿಜ್ಞಾನಿ ಬೇಡ ಅಂದುಕೊಂಡೆ. ನನ್ನ ತಮ್ಮ ಮಲ್ಪೆ ಬಂದರಿನಲ್ಲಿ ಐಸ್ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ. ಶನಿವಾರ ಬೆಳಿಗ್ಗೆ ದೋಣಿಯಿಂದ ಮೀನು ಇಳಿಸುವುದನ್ನು ಫೋನಿನಲ್ಲಿ ತೋರಿಸುತ್ತಾನೆ. ನಮ್ಮ 31 ಮಕ್ಕಳಲ್ಲಿ ಸಮುದ್ರ ನೋಡಿದವರು ನಾಲ್ಕೇ ಜನ. ಮೈಕ್ ಬಂತು. ನಿನ್ನೆ ಪಕ್ಕದ ರೂಮಿನಿಂದ ಟ್ರಯಲ್ ಮಾಡಿದೆವು. ಎಲ್ಲರೂ "ಓವರ್, ಓವರ್" ಅಂತ ಕುಣಿದರು. ಎಚ್‌ಎಂ ಕೂಡ ಬಂದು ಒಂದು ಸಲ "ಓವರ್" ಅಂದು ಹೋದರು.

ಚೀಟಿ ಬರೆಸಿದೆ. ತಿದ್ದಿಲ್ಲ. ಮೂರನೇ ನಂಬರಿನದು ಹೀಗಿದೆ: "ಸಮುದ್ರದ ನೀರು ಉಪ್ಪು ಅಂತೀರಿ. ಮೀನಿಗೆ ಬಾಯಾರಿಕೆ ಆದರೆ ಏನು ಮಾಡ್ತದೆ?" ನನಗೆ ಉತ್ತರ ಗೊತ್ತಿಲ್ಲ. ತಮ್ಮನನ್ನು ಕೇಳಿದೆ, ನಕ್ಕುಬಿಟ್ಟ. ಮಂಗಳೂರಿನ ಮೇಡಂ, ಶನಿವಾರ ಎಂಟೂವರೆಗೆ ಹತ್ತು ನಿಮಿಷ ಸಿಗುತ್ತೀರಾ?

ಮೀನುಗಳ ಸಂಶೋಧಕಿ, ಮಂಗಳೂರು

ಸಿಗುತ್ತೇನೆ. ಉತ್ತರ ಈಗಲೇ ಹೇಳುವುದಿಲ್ಲ, ಆ ಮಗುವಿಗೇ ಹೇಳುತ್ತೇನೆ. ಲಿಂಕ್ ಕಳಿಸಿ. ಓವರ್.